797 ನೋಡಿದೆ, ಐ-94 ನೋಡಲಿಲ್ಲ

ಅಮೆರಿಕದ ನಮ್ಮ ಕಂಪನಿಯಲ್ಲಿ ಉದ್ಯೋಗಿಗಳ ವೀಸಾ ಕಾಗದಪತ್ರ ನೋಡಿಕೊಳ್ಳುವವಳು ನಾನು. ಯಾರ ವೀಸಾ ಯಾವಾಗ ಮುಗಿಯುತ್ತದೆ ಅಂತ ತೋರಿಸುವ ಟ್ರ್ಯಾಕರ್‌ನಲ್ಲಿ ಎಲ್ಲ ಸಾಲೂ ಹಸಿರಾಗಿದ್ದ ದಿನವೇ ನಮ್ಮ ಹುಡುಗನೊಬ್ಬನ ಫೋನ್ ಬಂತು.

"ಮೇಡಂ, ಡಿಎಂವಿಯಲ್ಲಿ ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಮಾಡಿಸಿದೆ. ಬರೀ 13 ದಿನಕ್ಕೆ ಕೊಟ್ಟಿದ್ದಾರೆ. ತಪ್ಪಾಗಿರಬೇಕು, ಅಲ್ವಾ?"

ನಾನು ನಕ್ಕೆ. ಅವರ ಐ-797, ಅಂದರೆ ವೀಸಾ ಅರ್ಜಿ ಒಪ್ಪಿದ ನೋಟಿಸ್, ನನ್ನ ಕಣ್ಣ ಮುಂದೆಯೇ ಇತ್ತು. ಅವರ ಕೆಲಸದ ವೀಸಾ ಎಚ್-1ಬಿ ಮುಗಿಯಲು ಇನ್ನೂ 14 ತಿಂಗಳು. "ಅಪ್ರೂವಲ್ ನೋಟಿಸ್ ತೋರಿಸಿ, ಸರಿ ಮಾಡಿಕೊಡ್ತಾರೆ" ಅಂದು ಊಟಕ್ಕೆ ಎದ್ದೆ.

ಊಟ ಮಾಡುವಾಗ ಯಾಕೋ ಅನುಮಾನ. ಕೊನೇ ಸಲ ಇಂಡಿಯಾಗೆ ಹೋಗಿ ಬಂದಾಗಿನ ಐ-94, ಅಂದರೆ ಎಲ್ಲಿಯ ತನಕ ಇರಬಹುದು ಅಂತ ಹೇಳುವ ಪ್ರವೇಶ ದಾಖಲೆ, ಕಳಿಸಿ ಅಂದೆ. ತೆರೆದು ನೋಡಿದರೆ, ಅದರಲ್ಲಿನ ಕೊನೇ ತಾರೀಕೂ ಅವರ ಪಾಸ್‌ಪೋರ್ಟ್ ಮುಗಿಯುವ ತಾರೀಕೂ ಒಂದೇ. ಏರ್‌ಪೋರ್ಟ್‌ನ ಆಫೀಸರ್, ಪಾಸ್‌ಪೋರ್ಟ್ ಇರುವಷ್ಟು ದಿನಕ್ಕೇ ಒಳಗೆ ಬಿಟ್ಟಿದ್ದರು. 797 ಏನೇ ಹೇಳಲಿ, ಆಮೇಲೆ ಸಿಕ್ಕ ಐ-94ದೇ ಕೊನೇ ಮಾತು. ಆ ತಾರೀಕಿನ ತನಕ ಮಾತ್ರ ಲೈಸೆನ್ಸ್ ಕೊಟ್ಟವರೇ ಸರಿ. ಎಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನಾನು ಪೆದ್ದಿ.

ಆ ತಾರೀಕಿನ ಒಳಗೆ ಎಕ್ಸ್‌ಟೆನ್ಷನ್ ಅರ್ಜಿ ವಲಸೆ ಇಲಾಖೆ ಯುಎಸ್‌ಸಿಐಎಸ್ ಕೈ ಸೇರಿದರೆ, ಉತ್ತರ ಬರುವ ತನಕ, ಹೆಚ್ಚೆಂದರೆ 240 ದಿನ, ಕೆಲಸ ಮಾಡಬಹುದು. ಒಂದು ದಿನ ತಡವಾದರೂ ಸ್ಟೇಟಸ್ ಹೋಯಿತು. ಆದರೆ ಆ ಅರ್ಜಿಗೆ, ಅಂದರೆ ಐ-129ಕ್ಕೆ, ಮೊದಲು ಎಲ್‌ಸಿಎ ಬೇಕು, ಸಂಬಳ ಮತ್ತು ಕೆಲಸದ ಷರತ್ತುಗಳ ಬಗ್ಗೆ ಕಂಪನಿ ಕೊಡುವ ಮಾತು. ಅದನ್ನು ಒಪ್ಪಲು ಲೇಬರ್ ಡಿಪಾರ್ಟ್‌ಮೆಂಟ್‌ಗೆ 7 ಕೆಲಸದ ದಿನ. ನಡುವೆ ಹಾಳು ಶನಿವಾರ, ಭಾನುವಾರ.

ಅವತ್ತೇ ಎಲ್‌ಸಿಎ ನೋಟಿಸ್ ಎರಡು ಕಡೆ ಅಂಟಿಸಿದೆ. ಒಂದು ಕಾಫಿ ಮೆಷಿನ್ ಪಕ್ಕ. ಅದರಲ್ಲಿ ಹೆಸರು ಇರಲ್ಲ, ಸಂಬಳ ಇರುತ್ತದೆ. ಕಾಫಿಗೆ ಬಂದವರೆಲ್ಲ ಬಗ್ಗಿ ಓದಿ, ತಮ್ಮದರ ಜೊತೆ ತಾಳೆ ನೋಡಿ, ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಿದ್ದರು.

ಇಷ್ಟರ ಮಧ್ಯೆ ನಮ್ಮ ಮ್ಯಾನೇಜರ್: "ಲಾಯರ್ ಫೀಸು ಅವನ ಸಂಬಳದಲ್ಲಿ ಹಿಡ್ಕೊಳ್ಳೋಕೆ ಆಗಲ್ವಾ?" ಆಗಲ್ಲ ಸಾರ್. ಅರ್ಜಿ ಕಂಪನಿಯದು, ಖರ್ಚೂ ಕಂಪನಿಯದೇ. ವರ್ಷಕ್ಕೆ ಎರಡು ಸಲವಾದರೂ ಹೇಳುತ್ತೇನೆ.

ಒಂಬತ್ತನೇ ದಿನ ಎಲ್‌ಸಿಎ ಬಂತು. ಎರಡು ದಿನ ಬಾಕಿ ಇರುವಾಗ ಅರ್ಜಿಯ ಕೊರಿಯರ್ ತಲುಪಿತು. ಆ ಹುಡುಗ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಟ್ರ್ಯಾಕರ್‌ಗೆ ಐ-94 ಕಾಲಂ ಸೇರಿಸಿ ಅಂತ ಟಿಕೆಟ್ ಹಾಕಿದೆ. 'ಲೋ ಪ್ರಯಾರಿಟಿ' ಅಂತೆ. ಅದಕ್ಕೇ ಈಗ ಯಾರೇ ರಜೆ ಮುಗಿಸಿ ಬಂದರೂ, ಅಪ್ಪ ಅಮ್ಮ ಚೆನ್ನಾಗಿದ್ದಾರಾ ಅಂತ ಕೇಳುವ ಮೊದಲು ಐ-94 ಕೇಳುತ್ತೇನೆ. ಬೈದುಕೊಳ್ಳುವವರು ಬೈದುಕೊಳ್ಳಲಿ.