ಬೆನ್ನ ಹಿಂದಿನ ಬ್ಯಾಂಡು

ನಮ್ಮ ಶಾಲೆಯ ಆಟದ ಸಾಮಾನಿನ ಕೋಣೆಯ ಬಾಗಿಲ ಹಿಂದೆ, ಮೂಲೆಗೆ ಒರಗಿಸಿ ಇಡುತ್ತಿದ್ದ ಆ ಮೇಸನ್ನು, ಅಂದರೆ ಬ್ಯಾಂಡಿನ ಮುಂದೆ ನಡೆಯುವವರು ಹಿಡಿಯುವ ಕೋಲನ್ನು, ಈಗಿನ ಹುಡುಗಿಯರಲ್ಲಿ ಎಷ್ಟು ಜನ ನೋಡಿದ್ದಾರೋ ಗೊತ್ತಿಲ್ಲ. ನಾವು ಅದಕ್ಕೆ ಬೆಳ್ಳಿ ಕೋಲು ಅನ್ನುತ್ತಿದ್ದೆವು. ಬೆಳ್ಳಿಯಲ್ಲ, ಹಿತ್ತಾಳೆಯ ಮೇಲೆ ನಿಕ್ಕಲ್ ಹೊಳಪು. ತುದಿಯಲ್ಲಿ ತೆಂಗಿನಕಾಯಿ ಗಾತ್ರದ ಗುಂಡು, ಕೆಳಗೆ ಬೆತ್ತದ ಕಾಂಡ, ಅದಕ್ಕೆ ಹೆಣೆದು ಸುತ್ತಿದ ಸರಪಳಿ, ನೆಲ ಮುಟ್ಟುವ ಕಡೆ ಉದ್ದನೆಯ ಲೋಹದ ಕುಪ್ಪಿಗೆ. ಗುಂಡಿನ ಕೆಳಗೆ ಮೀರತ್ ಎಂದು ಅಚ್ಚು ಒತ್ತಿತ್ತು. ನಮ್ಮ ದೇಶದ ಬ್ಯಾಂಡಿನ ಸಾಮಾನು ಬಹುಪಾಲು ಆ ಊರಿನ ಜಾಲಿ ಕೋಠಿ ಬೀದಿಯಲ್ಲೇ ತಯಾರಾಗುತ್ತದೆ ಎಂದು ತಿಳಿದದ್ದು ಆಮೇಲೆ. ಎಂಟನೇ ತರಗತಿಯಲ್ಲಿ ಅದರ ಪಕ್ಕ ನಿಂತರೆ ಗುಂಡು ನನ್ನ ಹುಬ್ಬಿಗೆ ಬರುತ್ತಿತ್ತು. ಆ ಗುಂಡಿನ ಒಂದು ಬದಿಯಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ತಗ್ಗು ಇದೆ. ಅದು ನನ್ನಿಂದ ಆದದ್ದು. ಅದರ ಕಥೆಗೆ ಬರುತ್ತೇನೆ.

ಮೈಸೂರಿನಲ್ಲಿ ಹುಟ್ಟಿದವರಿಗೆ ಬ್ಯಾಂಡಿನ ಹುಚ್ಚು ಹಿಡಿಯುವುದಕ್ಕೆ ಶಾಲೆಯೇ ಬೇಕೆಂದಿಲ್ಲ. ವಿಜಯದಶಮಿಯ ದಿನ ಅಪ್ಪ ನಮ್ಮನ್ನು ಮಧ್ಯಾಹ್ನ ಊಟಕ್ಕೂ ಮೊದಲೇ ಸಯ್ಯಾಜಿರಾವ್ ರಸ್ತೆಗೆ ಕರೆದುಕೊಂಡು ಹೋಗಿ ಜಾಗ ಹಿಡಿಸುತ್ತಿದ್ದರು. ಎಲ್ಲರೂ ಕತ್ತು ಉದ್ದ ಮಾಡಿ ಕಾಯುತ್ತಿದ್ದದ್ದು 750 ಕಿಲೋ ತೂಕದ ಚಿನ್ನದ ಅಂಬಾರಿಗೆ. ನಾನು ಅಪ್ಪನ ಹೆಗಲ ಮೇಲೆ ಕೂತು ಪೊಲೀಸ್ ಬ್ಯಾಂಡಿಗೆ ಕಾಯುತ್ತಿದ್ದೆ. ಅರಮನೆಯ ಕಾಲದಿಂದ ಬಂದ ಬ್ಯಾಂಡು ಅದು. ಇಂಗ್ಲಿಷ್ ಬ್ಯಾಂಡು, ಕರ್ನಾಟಕ ಬ್ಯಾಂಡು ಎಂದು ಎರಡು ಕವಲು. ಕ್ಲಾರಿನೆಟ್, ಸ್ಯಾಕ್ಸೊಫೋನಿನಲ್ಲಿ ಕೃತಿ ನುಡಿಸುವವರನ್ನು ಬೇರೆಲ್ಲಿ ಕಂಡೇವು! ಆದರೆ ನನ್ನ ಕಣ್ಣು ನೆಟ್ಟಿರುತ್ತಿದ್ದದ್ದು ಎಲ್ಲರಿಗಿಂತ ಮುಂದೆ, ಒಬ್ಬನೇ, ಕೈಯಲ್ಲಿ ಮೇಸ್ ಹಿಡಿದು ಬರುವ ಡ್ರಮ್ ಮೇಜರ್ ಮೇಲೆ. ಆತ ಏನನ್ನೂ ನುಡಿಸುತ್ತಿರಲಿಲ್ಲ. ಹಿಂದೆ ತಿರುಗಿಯೂ ನೋಡುತ್ತಿರಲಿಲ್ಲ. ಆದರೂ ಆತ ಕೋಲೆತ್ತಿದರೆ ಅಷ್ಟೂ ಸದ್ದು ಒಮ್ಮೆಲೇ ನಿಲ್ಲುತ್ತಿತ್ತು.

ನಮ್ಮ ಹೈಸ್ಕೂಲಿನ ಬ್ಯಾಂಡ್ ಮೇಷ್ಟ್ರು ಸೇನೆಯಿಂದ ನಿವೃತ್ತರಾಗಿ ಬಂದವರು. ಪಚ್‌ಮಢಿಯ ಮಿಲಿಟರಿ ಸಂಗೀತ ಶಾಲೆಯಲ್ಲಿ ಕಲಿತವರು. 1950ರಲ್ಲಿ ಜನರಲ್ ಕಾರ್ಯಪ್ಪನವರ ಮುತುವರ್ಜಿಯಿಂದ ಆ ಶಾಲೆ ಶುರುವಾಯಿತು ಎಂದು ಹೇಳುವಾಗ ಅವರು ತಮಗೇ ಗೊತ್ತಿಲ್ಲದ ಹಾಗೆ ಸಾವಧಾನ್ ಭಂಗಿಗೆ ಬಂದುಬಿಡುತ್ತಿದ್ದರು. ಮೇಸ್ ಯಾರಿಗೆ ಎಂದು ಆರಿಸಲು ಅವರು ನಮ್ಮ ಎತ್ತರ ಅಳೆಯಲಿಲ್ಲ, ಚಂದವನ್ನೂ ನೋಡಲಿಲ್ಲ. ಹದಿನಾಲ್ಕು ಹುಡುಗಿಯರನ್ನು ಮೈದಾನದ ಒಂದು ತುದಿಯಲ್ಲಿ ನಿಲ್ಲಿಸಿ, ತಾವೇ ಬಾಸ್ ಡ್ರಮ್ ಹೊಡೆಯುತ್ತಾ ನಡೆಯಲು ಹೇಳಿದರು. ಸ್ವಲ್ಪ ಹೊತ್ತಿಗೆ ಹೊಡೆತ ನಿಲ್ಲಿಸಿಬಿಟ್ಟರು. ಸದ್ದಿಲ್ಲದೆ 32 ಹೆಜ್ಜೆ. ಮತ್ತೆ ಒಂದು ಹೊಡೆತ. ಆ ಹೊಡೆತ ಬೀಳುವಾಗ ಯಾರ ಎಡಗಾಲು ನೆಲದ ಮೇಲಿದೆಯೋ ಅವರು ಉಳಿಯಬೇಕು, ಮಿಕ್ಕವರು ಪಕ್ಕಕ್ಕೆ. ಮೂರು ಸುತ್ತಾದ ಮೇಲೆ ಇಬ್ಬರು ಉಳಿದೆವು. ಇನ್ನೊಬ್ಬಳ ತೋಳು ನನಗಿಂತ ಗಟ್ಟಿ ಇತ್ತು, ಅವಳಿಗೆ ಬಾಸ್ ಡ್ರಮ್ ಕೊಟ್ಟರು. ನನಗೆ ಮೇಸ್. ಅವತ್ತು ನನಗೇ ದೊಡ್ಡದು ಸಿಕ್ಕಿತು ಎಂದುಕೊಂಡು ಮನೆಗೆ ಓಡಿದ್ದೆ.

ಕಲಿಯುವುದು ಶುರುವಾದದ್ದು ಬಾಯಿಯಿಂದ. ಆಜ್ಞೆಯಲ್ಲಿ ಎರಡು ತುಂಡು. ಮೊದಲನೆಯದನ್ನು ಎಳೆಯಬೇಕು, ಎರಡನೆಯದನ್ನು ಕಡಿಯಬೇಕು. 'ಬ್ಯಾಂಡ್, ತೇಏಏಜ್' ಎಂದು ಎಳೆದು, ಎಲ್ಲರೂ ಉಸಿರು ತೆಗೆದುಕೊಳ್ಳುವಷ್ಟು ಬಿಟ್ಟು, 'ಚಲ್'. ಹಿಂದಿಯಲ್ಲಿ ವೇಗವಾಗಿ ನಡೆ ಎಂದರ್ಥ. ಕೂಡಲೇ ಸೈಡ್ ಡ್ರಮ್ಮುಗಳು ಮೂರು ಹೆಜ್ಜೆಯ ರೋಲ್ ಎರಡು ಸಲ ಕೊಡುತ್ತವೆ, ಆಮೇಲೆ ಕೊಳಲು ಏಳುತ್ತದೆ. ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಇಂಚು ಎಂಬುದು ಸೇನೆಯ ಲೆಕ್ಕ. ನಮ್ಮ ಸಾಲಿನಲ್ಲಿ ತ್ರಿಕೋನ ಗಂಟೆ ಹೊಡೆಯುವ ಪುಟ್ಟ ಹುಡುಗಿಗೆ 30 ಇಂಚು ಹಾರಬೇಕಾಗುತ್ತಿತ್ತು. ಮೇಷ್ಟ್ರು ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ ಅವಳ ಹೆಜ್ಜೆಯನ್ನು ಅಳೆದು, ಇಡೀ ಬ್ಯಾಂಡಿನ ಹೆಜ್ಜೆಯನ್ನು ಅಷ್ಟಕ್ಕೇ ಇಳಿಸಿದರು. ತಿಂಗಳುಗಟ್ಟಲೆ ನಾನು ಮನೆಯಿಂದ ಶಾಲೆಗೂ ಅದೇ ಅಳತೆಯಲ್ಲಿ ನಡೆದೆ.

ಆಮೇಲೆ ಕೋಲಿನ ಭಾಷೆ. ಎತ್ತಿ ನೆಟ್ಟಗೆ ಹಿಡಿದರೆ ನುಡಿಸುವುದು ಮುಗಿಯಲಿದೆ ಎಂದರ್ಥ. ಅದನ್ನು ಕಂಡ ಬಾಸ್ ಡ್ರಮ್ಮಿನವಳು ಪದದ ಕೊನೆಯ ಸಾಲಿನಲ್ಲಿ ಜೋಡಿ ಪೆಟ್ಟು ಕೊಡಬೇಕು, ನಾನು ಎಡಗಾಲಿಗೆ ಸರಿಯಾಗಿ ಕೋಲು ಇಳಿಸಬೇಕು. ಎರಡೂ ಕೈಯಲ್ಲಿ ತಲೆಯ ಮೇಲೆ ಅಡ್ಡ ಹಿಡಿದರೆ ಥಮ್, ಅಂದರೆ ನಡಿಗೆ ನಿಲ್ಲಿಸು. ಪಕ್ಕಕ್ಕೆ ಚಾಚಿದರೆ ಆ ಕಡೆ ತಿರುವು. ಒಳಬದಿಯವರು ಹೆಜ್ಜೆ ಚಿಕ್ಕದು ಮಾಡಬೇಕು, ಹೊರಬದಿಯವರು ಉದ್ದ ಮಾಡಬೇಕು. ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಅದರ ಮೇಲೆ ಬೆರಳುದ್ದದ ಎರಡು ಪುಟ್ಟ ಡ್ರಮ್ ಕೋಲುಗಳನ್ನು ಹೊಲಿದಿದ್ದರು. ಹಲವು ದೇಶಗಳ ಡ್ರಮ್ ಮೇಜರ್‌ಗಳ ಪಟ್ಟಿಯ ಮೇಲೂ ಸಾಮಾನ್ಯವಾಗಿ ಅವು ಇರುತ್ತವೆ. ಅವು ಯಾವ ಡ್ರಮ್ಮನ್ನೂ ಮುಟ್ಟುವುದಿಲ್ಲ. ಶುಕ್ರವಾರ ಸಂಜೆ ಹುಣಸೆಹಣ್ಣು ಹಚ್ಚಿ ಆ ಪುಟ್ಟ ಕೋಲುಗಳನ್ನು, ಬ್ರಾಸೋ ಹಚ್ಚಿ ಬಕಲನ್ನು ತಿಕ್ಕುವುದು ನನ್ನ ಪಾಲಿನ ಕೆಲಸ. ಹಾಗೆ ಮಾಡಬೇಡ, ಎರಡಕ್ಕೂ ಒಂದೇ ಸಾಕು ಎಂದು ಅಮ್ಮ ಎಷ್ಟು ಹೇಳಿದರೂ ನಾನು ಕೇಳಿದವಳಲ್ಲ.

ಒಂಬತ್ತನೇ ತರಗತಿಯ ಆಗಸ್ಟ್ 15. ಪಥಸಂಚಲನ ಮುಗಿದು ಬ್ಯಾಂಡು ವೇದಿಕೆಯ ಮುಂದೆ ಬಂದು ನುಡಿಸುವುದನ್ನು ನಿಲ್ಲಿಸಬೇಕು. ನನ್ನ ಕಣ್ಣು ವೇದಿಕೆಯ ಮೇಲಿತ್ತು. ಅತಿಥಿಗಳು ಎದ್ದು ನಿಂತದ್ದು ಕಂಡು ತಡವಾಯಿತೇನೋ ಎಂಬ ಗಾಬರಿಯಲ್ಲಿ, ಜೋಡಿ ಪೆಟ್ಟು ಬೀಳುವ ಮೊದಲೇ, ಅದೂ ಬಲಗಾಲಿಗೆ, ಕೋಲು ಇಳಿಸಿಬಿಟ್ಟೆ. ಮುಂದಿನ ಸಾಲಿನ ಬ್ಯೂಗಲ್ ನಿಂತಿತು. ಕೊಳಲಿನವರಲ್ಲಿ ಅರ್ಧ ಜನ ನಿಲ್ಲಿಸಿದರು, ಅರ್ಧ ಜನ ಮುಂದುವರಿಸಿದರು. ಹಿಂದೆ ಡ್ರಮ್ಮುಗಳು ನಡೆಯುತ್ತಲೇ ಇದ್ದವು. ಬ್ಯಾಂಡಿನ ತಾಳ ನಂಬಿ ಬರುತ್ತಿದ್ದ ಎಂಟನೇ ತರಗತಿಯ ತುಕಡಿ ಹೆಜ್ಜೆ ತಪ್ಪಿ ಒಬ್ಬರ ಮೇಲೊಬ್ಬರು ಬಂದರು. ಆ ಸದ್ದಿಗೆ ನಾನು ಹಿಂದೆ ತಿರುಗಿದೆ. ತಿರುಗುವಾಗ ಕೋಲು ಕೈ ಜಾರಿ ಧ್ವಜಸ್ತಂಭದ ಕಟ್ಟೆಯ ಕಲ್ಲಿಗೆ ಬಡಿಯಿತು. ಆ ತಗ್ಗು ಆದದ್ದು ಆಗಲೇ. ನಲವತ್ತು ವರ್ಷ ಹತ್ತಿರ ಬಂದರೂ ಕಲ್ಲಿಗೆ ಲೋಹ ಬಡಿದ ಆ ಸದ್ದು ಕಿವಿಯಲ್ಲಿ ಹಾಗೇ ಇದೆ.

ಮೇಷ್ಟ್ರು ಬೈಯಲಿಲ್ಲ. ಮರುದಿನ ಕರೆದು, "ನೀನು ವೇದಿಕೆ ನೋಡ್ತಿದ್ದೆ. ಬಾಸ್ ಡ್ರಮ್ ಕೇಳಿಸ್ಕೊಳ್ಳಲಿಲ್ಲ" ಎಂದರು, ಅಷ್ಟೇ. ಒಂದು ವಾರ ಮೇಸ್ ಮುಟ್ಟುವ ಹಾಗಿಲ್ಲ. ಬಾಸ್ ಡ್ರಮ್ಮಿನವಳ ಎಡಕ್ಕೆ, ಅವಳ ಬೆಲ್ಟು ಹಿಡಿದುಕೊಂಡು, ಕಣ್ಣು ಮುಚ್ಚಿ ನಡೆಯಬೇಕು. ಮೊದಲ ದಿನ ಹೊಡೆತ ಎದೆಗೆ ಬಡಿಯುತ್ತಿತ್ತು, ಬೇರೇನೂ ಕೇಳುತ್ತಿರಲಿಲ್ಲ. ಮೂರನೆಯ ದಿನಕ್ಕೆ ಹೊಡೆತಗಳ ನಡುವಿನ ಜಾಗ ಕೇಳತೊಡಗಿತು. ಎಡಗಡೆಯ ಕೊಳಲು ಸ್ವಲ್ಪ ಓಡುತ್ತದೆ, ಎರಡನೇ ಸೈಡ್ ಡ್ರಮ್ ರೋಲಿನ ಕೊನೆಯಲ್ಲಿ ಸೋಲುತ್ತದೆ, ತಾಳ (ಸಿಂಬಲ್) ಹೊಡೆಯುವವಳಿಗೆ ಮಂಡಿ ನೋವಿದೆ, ಅವಳ ಬಲಗಾಲು ಎಳೆಯುತ್ತದೆ. ಇಷ್ಟೂ ದಿನ ನಾನು ಮುಂದೆ ನಡೆಯುತ್ತಿದ್ದೆ, ನನ್ನ ಹಿಂದೆ ಯಾರಿದ್ದಾರೆ ಎಂದು ನನಗೇ ತಿಳಿದಿರಲಿಲ್ಲ. ಆರನೆಯ ದಿನ ಆ ಗೆಳತಿ ನಡೆಯುತ್ತಲೇ ಮೆಲ್ಲಗೆ, "ನೀನು ಕೋಲೆತ್ತೋವಾಗ ನಿನ್ನ ಬಲಭುಜ ಮೊದಲು ಬಿಗಿಯಾಗತ್ತೆ. ನಾನು ಅದನ್ನೇ ನೋಡೋದು, ಕೋಲನ್ನಲ್ಲ" ಎಂದಳು. ಅಲ್ಲಿಂದ ಮುಂದೆ ನಮ್ಮಿಬ್ಬರ ನಡುವೆ ಒಂದು ಪೆಟ್ಟೂ ತಪ್ಪಲಿಲ್ಲ.

ರಾಷ್ಟ್ರಗೀತೆಯ ಅಭ್ಯಾಸದ ಬಗ್ಗೆ ಒಂದು ಮಾತು ಹೇಳಲೇಬೇಕು. 52 ಸೆಕೆಂಡು ಎಂಬುದು ಎಲ್ಲರಿಗೂ ಗೊತ್ತು. ಬ್ಯಾಂಡು ನುಡಿಸುವಾಗ ಅದಕ್ಕೂ ಮೊದಲು ಡ್ರಮ್ಮಿನ ರೋಲ್ ಇರುತ್ತದೆ. ನಿಧಾನ ನಡಿಗೆಯ ಏಳು ಹೆಜ್ಜೆಯಷ್ಟು ಉದ್ದ. ಮೆಲ್ಲಗೆ ಶುರುವಾಗಿ, ಆದಷ್ಟೂ ಜೋರಾಗಿ ಏರಿ, ಮತ್ತೆ ಇಳಿದು, ಏಳನೇ ಪೆಟ್ಟಿನವರೆಗೂ ಕೇಳುತ್ತಲೇ ಇರಬೇಕು. ಆಮೇಲೆ ಒಂದು ಪೆಟ್ಟಿನಷ್ಟು ಮೌನ. ಇದು ಸರ್ಕಾರದ ಆದೇಶದಲ್ಲೇ ಬರೆದಿರುವ ನಿಯಮ. ನಮ್ಮ ಮೇಷ್ಟ್ರು ಗೀತೆಗಿಂತ ಹೆಚ್ಚು ದಿನ ಈ ಏಳು ಹೆಜ್ಜೆಗೆ ಕೊಟ್ಟರು. ಆ ಒಂದು ಪೆಟ್ಟಿನ ಮೌನದಲ್ಲಿ ಮೈದಾನದ ಬೇವಿನ ಮರದ ಗಿಳಿಗಳು ಕೂಗುವುದು ಕೇಳುತ್ತಿತ್ತು. ಈಗಲೂ ಎಲ್ಲಾದರೂ ಧ್ವನಿವರ್ಧಕದಲ್ಲಿ ಗೀತೆ ದಢಾರನೆ ಶುರುವಾದರೆ ನನ್ನ ಮನಸ್ಸು ಆ ಏಳು ಹೆಜ್ಜೆಗಾಗಿ ಹುಡುಕುತ್ತದೆ.

ಕಾಲೇಜಿಗೆ ಬಂದ ಮೇಲೆ ಎನ್‌ಸಿಸಿ ಸೇರಿದೆ. ಅಲ್ಲಿ ಬೇರೆ ಬೇರೆ ಕಾಲೇಜಿನ ಹುಡುಗಿಯರನ್ನು ಕೂಡಿಸಿ ಬ್ಯಾಂಡು ಕಟ್ಟುತ್ತಿದ್ದರು. ಎರಡನೇ ವರ್ಷದಿಂದ ಮೇಸ್ ನನ್ನ ಕೈಗೆ ಬಂತು. ಗಣರಾಜ್ಯೋತ್ಸವದ ಅಭ್ಯಾಸ ಬನ್ನಿಮಂಟಪದ ಪಂಜಿನ ಕವಾಯತು ಮೈದಾನದಲ್ಲಿ, ಬೆಳಗಿನ ಆರಕ್ಕೆ. ಅಪ್ಪನ ಹೆಗಲ ಮೇಲಿಂದ ನಾನು ಕಣ್ಣು ತುಂಬಿಕೊಂಡ ಮೆರವಣಿಗೆ ಕೊನೆಗೆ ಹೋಗಿ ಮುಟ್ಟುವ ಜಾಗ ಅದೇ. ಮೊದಲ ದಿನ ಆ ಹುಲ್ಲಿನ ಮೇಲೆ ಕಾಲಿಟ್ಟಾಗ ಬಾಯಿ ಒಣಗಿತ್ತು.

ಜನವರಿಯ ಇಬ್ಬನಿಗೆ ಹಳೆಯ ಡ್ರಮ್ಮುಗಳ ಚರ್ಮ ಸಡಿಲವಾಗಿ ಒದ್ದೆ ಚೀಲ ಹೊಡೆದ ಹಾಗೆ ಸದ್ದು ಬರುತ್ತಿತ್ತು. ಹಗ್ಗ ಎಷ್ಟು ಬಿಗಿದರೂ ಅಷ್ಟೇ. ಅಧಿಕಾರಿಗಳು ಬಿಸಿಲು ಬರುವವರೆಗೆ ಕಾಯೋಣ ಎಂದರು. ಆಗ ನಂಜನಗೂಡು ಕಡೆಯಿಂದ ಬರುತ್ತಿದ್ದ ಟೆನರ್ ಡ್ರಮ್ಮಿನ ಹುಡುಗಿ ಏನೂ ಹೇಳದೆ ಒಣಹುಲ್ಲು, ಹಳೇ ಪೇಪರು ಒಟ್ಟು ಮಾಡಿ ಬೆಂಕಿ ಹಚ್ಚಿದಳು. ಡ್ರಮ್ಮನ್ನು ಜ್ವಾಲೆಗೆ ಮೊಳದೂರದಲ್ಲಿ ಹಿಡಿದು, ರೊಟ್ಟಿ ತಿರುವಿದ ಹಾಗೆ ತಿರುವುತ್ತಾ, ಬೆರಳ ಗೆಣ್ಣಿನಿಂದ ಅಂಚಿಗೆ ತಟ್ಟಿ ತಟ್ಟಿ ನೋಡಿದಳು. ಡಬ್ ಡಬ್ ಎನ್ನುತ್ತಿದ್ದದ್ದು ನಿಧಾನಕ್ಕೆ ಟಣ್ ಎನ್ನತೊಡಗಿತು. ಅವಳ ತಾತ ತಮಟೆ ಬಾರಿಸುವವರು. ಊರಿನ ಹಬ್ಬದಲ್ಲಿ ತಮಟೆ ಕಾಯಿಸುವುದು ಚಿಕ್ಕಂದಿನಿಂದ ಅವಳದೇ ಕೆಲಸವಂತೆ. ಕಾಲೇಜಿನಲ್ಲಿ ಆ ಮಾತನ್ನು ಅವಳು ಅಲ್ಲಿಯವರೆಗೆ ಯಾರೊಂದಿಗೂ ಆಡಿರಲಿಲ್ಲ. ಮರುದಿನದಿಂದ ಬೆಳಿಗ್ಗೆ ಆರಕ್ಕೆ ಮೈದಾನದ ಮೂಲೆಯಲ್ಲಿ ಒಲೆ ಉರಿಯುತ್ತಿತ್ತು, ಎಲ್ಲ ಡ್ರಮ್ಮಿನವರೂ ಅವಳ ಸುತ್ತ ಸಾಲು ನಿಲ್ಲುತ್ತಿದ್ದರು. ಬಾಸ್ ಡ್ರಮ್ಮು, ತಾಳ ಯುರೋಪಿನ ಸೇನೆಗಳಿಗೆ ಬಂದದ್ದು ತುರ್ಕರ ಬ್ಯಾಂಡಿನಿಂದ, ಹದಿನೆಂಟನೇ ಶತಮಾನದಲ್ಲಿ ಎಂದು ಮೇಷ್ಟ್ರು ಹೇಳಿದ್ದರು. ತುರ್ಕರಿಂದ ಇಂಗ್ಲಿಷರಿಗೆ, ಅವರಿಂದ ನಮಗೆ ಬಂದ ಡ್ರಮ್ಮಿಗೆ ಕೊನೆಗೆ ಸ್ವರ ಕೊಟ್ಟದ್ದು ನಮ್ಮ ಹಳ್ಳಿಯ ಬೆಂಕಿ. ಇದನ್ನು ನೆನೆದರೆ ಇವತ್ತಿಗೂ ಹೆಮ್ಮೆಯಾಗುತ್ತದೆ.

ದೊಡ್ಡ ಮೈದಾನ ಇನ್ನೊಂದನ್ನು ಕಲಿಸಿತು. ಹಿಂದಿನ ತುಕಡಿಗಳು ನಮ್ಮ ತಾಳಕ್ಕೆ ಸರಿಯಾಗಿಯೇ ನಡೆಯುತ್ತಿದ್ದರೂ ದೂರದಿಂದ ನೋಡಿದರೆ ಕಾಲು ತಪ್ಪಿದ ಹಾಗೆ ಕಾಣುತ್ತಿತ್ತು. ಭೌತಶಾಸ್ತ್ರದ ಪುಸ್ತಕದಲ್ಲಿ ಉತ್ತರವಿತ್ತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ನಮ್ಮ ಹೆಜ್ಜೆಗೆ ಅರ್ಧ ಸೆಕೆಂಡು. 170 ಮೀಟರ್ ಹಿಂದಿರುವವರಿಗೆ ಪೆಟ್ಟು ಪೂರ್ತಿ ಒಂದು ಹೆಜ್ಜೆ ತಡವಾಗಿ ತಲುಪುತ್ತದೆ. ನಮ್ಮ ಎಡಗಾಲು ನೆಲದಲ್ಲಿದ್ದಾಗ ಅವರದ್ದು ಬಲಗಾಲು. ಅವರ ತಪ್ಪೇನಿಲ್ಲ. ಎಲ್ಲಿಯವರೆಗೆ ನಮ್ಮ ಸದ್ದು ಹೊತ್ತಿಗೆ ಸರಿಯಾಗಿ ತಲುಪುತ್ತದೋ ಅಲ್ಲಿಯವರೆಗೆ ಮಾತ್ರ ತುಕಡಿಗಳನ್ನು ಹತ್ತಿರ ತರಿಸಿದೆವು.

ಡ್ರಮ್ ಮೇಜರಿಗೆ ತನ್ನ ಬ್ಯಾಂಡಿನ ಮುಖ ಕಾಣುವುದು ಒಂದೇ ಒಂದು ಸಲ, ಕೌಂಟರ್ ಮಾರ್ಚಿನಲ್ಲಿ. ಮೈದಾನದ ತುದಿ ಮುಟ್ಟಿದ ಮೇಲೆ ನಾನು ಹಿಂದೆ ತಿರುಗಿ ನನ್ನದೇ ಸಾಲುಗಳ ನಡುವಿನ ದಾರಿಯಲ್ಲಿ ನಡೆದು ಬರುತ್ತೇನೆ. ಅವರು ನನ್ನ ಎದುರಿಗೆ ಬರುತ್ತಿರುತ್ತಾರೆ. ಮೂರನೇ ವರ್ಷದ ಜನವರಿ 26ರಂದು, ಇದೇ ಕೊನೆ ಎಂದು ಗೊತ್ತಿದ್ದರಿಂದ, ಒಬ್ಬೊಬ್ಬರನ್ನೂ ನೋಡಿದೆ. ಬ್ಯೂಗಲ್ಲಿನವಳ ತುಟಿ ಬಾತುಕೊಂಡಿತ್ತು. ಕೊಳಲಿನವಳ ಮೂಗುಬೊಟ್ಟಿನ ಮೇಲೆ ಬೆವರಹನಿ. ಸೈಡ್ ಡ್ರಮ್ಮಿನವಳ ಬೆರಳಿಗೆ ಸುತ್ತಿದ ಪಟ್ಟಿ ಬಿಚ್ಚಿ ಗಾಳಿಗೆ ಆಡುತ್ತಿತ್ತು. ಟೆನರ್ ಡ್ರಮ್ಮಿನವಳ ಕೈಯಲ್ಲಿ ಹೊಗೆಯ ವಾಸನೆ. ಎಲ್ಲರ ಕಣ್ಣೂ ನೆಟ್ಟಗೆ ಮುಂದಿದ್ದವು, ಒಬ್ಬರೂ ನನ್ನ ಮುಖ ನೋಡಲಿಲ್ಲ. ಹಾಗೆ ನೋಡಬಾರದು ಎಂದು ಕಲಿಸಿದವಳೇ ನಾನು. ಎಂಟೋ ಹತ್ತೋ ಹೆಜ್ಜೆ. ಸಾಲು ಮುಗಿಯಿತು, ಮತ್ತೆ ನನ್ನ ಮುಂದೆ ಬರಿಯ ಮೈದಾನ, ಬೆನ್ನ ಹಿಂದೆ ಅವರೆಲ್ಲರೂ.

ಈ ಸಲ ಶಾಲೆಗೆ ಬಂದಾಗ ಸಾಮಾನು ಕೋಣೆ ತೆರೆಸಿ ನೋಡಿದೆ. ಬ್ಯಾಂಡು ನಿಂತು ಕೆಲವು ವರ್ಷಗಳಾದವಂತೆ. ಮೇಸ್ ಬಾಗಿಲ ಹಿಂದೆಯೇ ಇದೆ, ಸರಪಳಿ ಕಪ್ಪಾಗಿದೆ. ನಾಲ್ಕು ಸೈಡ್ ಡ್ರಮ್ಮಿಗೆ ಮುಚ್ಚಿಗೆ ಹಾಕಿಸಬೇಕು, ಎರಡು ಬ್ಯೂಗಲ್ ಇನ್ನೂ ಊದುತ್ತವೆ, ಬಾಸ್ ಡ್ರಮ್ಮಿನ ಮರದ ಬಳೆ ಒಂದು ಕಡೆ ಸೀಳಿದೆ, ರಿಪೇರಿಯಾಗುತ್ತದೆ. ಮುಖ್ಯೋಪಾಧ್ಯಾಯರ ಬಳಿ ಮಾತಾಡಿದ್ದೇನೆ. ಶನಿವಾರ ಬೆಳಿಗ್ಗೆ ಆರೂವರೆಗೆ ಮೈದಾನಕ್ಕೆ ಬರಲು ನಾನು ತಯಾರು, ಅದೇ ಗೆಳತಿಯೂ ಬರುತ್ತೇನೆ ಎಂದಿದ್ದಾಳೆ. ಎಂಟು, ಒಂಬತ್ತನೇ ತರಗತಿಯ ಹುಡುಗಿಯರು ಬನ್ನಿ. ಮೇಸ್ ಯಾರಿಗೆ ಎಂಬುದನ್ನು ಆಮೇಲೆ ನೋಡೋಣ. ಮೊದಲು ನನಗೆ ಬಾಸ್ ಡ್ರಮ್ ಹೊಡೆಯುವವಳು ಬೇಕು.