ಬೂದಿ, ಅಕ್ಕಿಹುಳ, ಮೇಣ: ಎರಡು ತಿಂಗಳ ಲೆಕ್ಕ

ಮೇ 4
ಊರಿಂದ ಒಂದು ಡಬ್ಬಿ ಒಲೆ ಬೂದಿ ತಂದೆ. ತಿಪಟೂರು ಕಡೆಯ ನಮ್ಮ ಮನೆಯಲ್ಲಿ ಅಜ್ಜಿ ಬಿತ್ತನೆ ಹೆಸರುಕಾಳಿಗೆ ಬೂದಿ ಬೆರೆಸಿ ಇಡುತ್ತಿದ್ದರು. ಬೂದಿ ಹುಳಕ್ಕೆ ವಿಷ ಅಂತಲೇ ನಾನು ತಿಳಿದಿದ್ದೆ. ಓದಿದ ಮೇಲೆ ಗೊತ್ತಾಯಿತು, ಹುಳ ಸಾಯುವುದು ಹೆಚ್ಚಾಗಿ ಒಣಗಿ. ಹುಳದ ಮೈಮೇಲೆ ಒಂದು ಮೈಕ್ರಾನ್‌ಗಿಂತ ತೆಳುವಾದ ಮೇಣದ ಪದರ ಇರುತ್ತದೆ. ಒಳಗಿನ ನೀರನ್ನು ಹಿಡಿದಿಡುವುದು ಅದೇ. ನುಣ್ಣನೆಯ ಪುಡಿ ಆ ಪದರವನ್ನು ಗೀರುತ್ತದೆ, ಇಲ್ಲವೇ ಒತ್ತುಕಾಗದದಂತೆ ಹೀರುತ್ತದೆ. ಅಷ್ಟು ಪುಟ್ಟ ಮೈಯಲ್ಲಿ ಇರುವ ನೀರೇ ಎಷ್ಟು!

ಇದನ್ನು ಮನೆಯಲ್ಲೇ ನೋಡಬಹುದಾ ಅನ್ನುವುದೇ ಈ ಪ್ರಾಜೆಕ್ಟ್.

ಮೇ 16
ಮೊದಲ ಸುತ್ತು ದಂಡ. ಹೆಸರುಕಾಳಿನ ಹುಳಗಳನ್ನು ಬೂದಿ ಇರುವ ಮತ್ತು ಇಲ್ಲದ ಎರಡು ಬಾಟಲಿಯಲ್ಲಿ ಬಿಟ್ಟಿದ್ದೆ. ಹತ್ತು ದಿನದಲ್ಲಿ ಎರಡರಲ್ಲೂ ಹೆಚ್ಚುಕಮ್ಮಿ ಎಲ್ಲ ಸತ್ತವು. ಆ ಹುಳ ಕಾಳಿನಿಂದ ಹೊರಬಂದ ಮೇಲೆ ಬದುಕುವುದೇ ಒಂದೆರಡು ವಾರ! ಮೊದಲೇ ಓದಿಕೊಳ್ಳಬೇಕಿತ್ತು. ಇನ್ನು ಮೂತಿ ಉದ್ದ ಇರುವ ಅಕ್ಕಿಹುಳವೇ ಸರಿ. ಅದು ತಿಂಗಳುಗಟ್ಟಲೆ ಬದುಕುತ್ತದೆ, ನಮ್ಮನೆ ಅಕ್ಕಿಯಲ್ಲಿ ಅದಕ್ಕೇನೂ ಬರವಿಲ್ಲ.

ತೂಕದ ಆಸೆಯನ್ನೂ ಬಿಟ್ಟೆ. ನನ್ನ ತಕ್ಕಡಿ 0.01 ಗ್ರಾಂವರೆಗೆ ಮಾತ್ರ ತೋರಿಸುತ್ತದೆ. ಇಪ್ಪತ್ತು ಹುಳ ಒಟ್ಟಿಗೆ ಇಟ್ಟರೂ ಒಮ್ಮೆ 0.04, ಇನ್ನೊಮ್ಮೆ 0.03.

ಮೇ 25
ನಡುವೆ ಒಂದು ಸಣ್ಣ ಆಟ. 1935ರಲ್ಲಿ ರ‍್ಯಾಮ್ಸೆ ಎಂಬಾತ ಜಿರಲೆಯ ಮೈಮೇಲೆ ಬಿದ್ದ ನೀರಿನ ಹನಿ ಬೇಗ ಆರುವುದಿಲ್ಲ ಅಂತ ಕಂಡುಕೊಂಡ. ಮೈಯ ಜಿಡ್ಡು ಹನಿಯ ಮೇಲೂ ಹರಡಿ ಮುಚ್ಚಿಬಿಡುತ್ತದೆ. ಸತ್ತ ಜಿರಲೆಯ ಮೇಲೊಂದು, ಗಾಜಿನ ಮೇಲೊಂದು ಹನಿ ಬಿಟ್ಟೆ. ಗಾಜಿನದು ಆರಿ ಎಷ್ಟೋ ಹೊತ್ತಾದರೂ ಜಿರಲೆಯದು ಹಾಗೇ ಕೂತಿತ್ತು. (ಜಿರಲೆಯನ್ನು ಫ್ರಿಜ್‌ನಲ್ಲಿ ಇಟ್ಟಿದ್ದಕ್ಕೆ ಅಮ್ಮನಿಂದ ಸಿಕ್ಕ ಮಂಗಳಾರತಿ ಬೇರೆ ವಿಷಯ.)

ಇದರ ಕೆಮಿಸ್ಟ್ರಿ ನನಗೆ ತುಂಬಾ ಹಿಡಿಸಿತು. ಹುಳಗಳ ಮೇಣದಲ್ಲಿ ಉದ್ದನೆಯ ಹೈಡ್ರೋಕಾರ್ಬನ್ (ಬರೀ ಇಂಗಾಲ, ಜಲಜನಕದ) ಸರಪಳಿಗಳು ಜಾಸ್ತಿ. ನೇರ ಸರಪಳಿಗಳು ಬೆಂಕಿಪೊಟ್ಟಣದ ಕಡ್ಡಿಗಳ ಹಾಗೆ ಒತ್ತಾಗಿ ಕೂರುತ್ತವೆ, ಮೇಣ ಗಟ್ಟಿಯಾಗುತ್ತದೆ. ನಡುವೆ ಒಂದು ದ್ವಿಬಂಧವೋ (ಎರಡು ಇಂಗಾಲಗಳ ನಡುವಿನ ಜೋಡಿ ಬಂಧ) ಪಕ್ಕದಲ್ಲಿ ಒಂದೇ ಇಂಗಾಲದ ಮೀಥೈಲ್ ಕೊಂಬೆಯೋ ಬಂದರೆ ಜೋಡಣೆ ಕೆಡುತ್ತದೆ, ಕಡಿಮೆ ಬಿಸಿಗೇ ಕರಗುತ್ತದೆ. ನಮ್ಮ ಮೋರಿಯ ದೊಡ್ಡ ಕೆಂಪು ಜಿರಲೆಯಲ್ಲಿ ಮುಖ್ಯವಾಗಿ ಇರುವುದು 27 ಇಂಗಾಲದ, ಎರಡು ದ್ವಿಬಂಧವಿರುವ ಸರಪಳಿ. ಅದಕ್ಕೇ ಅದು ಮೇಣಕ್ಕಿಂತ ಎಣ್ಣೆ. ಕೈಗೆ ಸಿಕ್ಕರೂ ಜಾರುತ್ತದೆ ಅಲ್ವಾ.

ಜೂನ್ 8
ಈಗ ನಿಜವಾದ ಸುತ್ತು. ನಾಲ್ಕು ಬಾಟಲಿ, ಪ್ರತಿಯೊಂದರಲ್ಲೂ ಒಂದು ಹಿಡಿ ಅಕ್ಕಿ, 20 ಹುಳ. ಎರಡಕ್ಕೆ ವಸ್ತ್ರಗಾಳಿತ ಮಾಡಿದ ಬೂದಿ. ಬೂದಿಯದೊಂದು, ಬರೀ ಅಕ್ಕಿಯದೊಂದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಣ ಡಬ್ಬದಲ್ಲಿ. ಉಳಿದೆರಡು ಉಪ್ಪು ಕರಗದೆ ತಳದಲ್ಲಿ ಉಳಿಯುವಷ್ಟು ಗಟ್ಟಿ ಉಪ್ಪುನೀರಿನ ಬಟ್ಟಲಿನ ಜೊತೆ ಇನ್ನೊಂದು ಡಬ್ಬದಲ್ಲಿ. ಮುಚ್ಚಿದ ಜಾಗದಲ್ಲಿ ಉಪ್ಪುನೀರು ಗಾಳಿಯ ತೇವವನ್ನು ಸುಮಾರು 75%ಕ್ಕೆ ನಿಲ್ಲಿಸುತ್ತದೆ. ಬೂದಿಯ ಕ್ಷಾರವೇ ಕೊಲ್ಲುವುದಾದರೆ ತೇವದಲ್ಲೂ ಕೊಲ್ಲಬೇಕು, ಇದು ನನ್ನ ಲೆಕ್ಕಾಚಾರ.

ಜೂನ್ 16
ಎಣಿಸುವುದೇ ದೊಡ್ಡ ತಲೆನೋವು. ಅಕ್ಕಿಹುಳ ಮುಟ್ಟಿದರೆ ಕಾಲು ಮಡಚಿ ಸತ್ತಂತೆ ನಟಿಸುತ್ತದೆ. ಬಿಳಿ ತಟ್ಟೆಗೆ ಸುರಿದು ಹತ್ತು ನಿಮಿಷ ಕಾದು, ಮೆಲ್ಲಗೆ ಬಿಸಿಯುಸಿರು ಬಿಟ್ಟು ನೋಡಬೇಕು.

ಎಂಟನೇ ದಿನ ಸತ್ತವು: ಬೂದಿ ಮತ್ತು ಒಣಗಾಳಿ 19, ಬರೀ ಒಣಗಾಳಿ 2, ಬೂದಿ ಮತ್ತು ತೇವ 6, ಬರೀ ತೇವ 1.

ಒಂದೇ ಬೂದಿ, 19 ಎಲ್ಲಿ, 6 ಎಲ್ಲಿ! ಅಜ್ಜಿ ಕಾಳನ್ನು ಕಡುಬಿಸಿಲಿಗೆ ಒಣಹಾಕಿ, ಆಮೇಲೆ ಬೂದಿ ಬೆರೆಸಿ, ಮಡಕೆಯ ಬಾಯಿಗೆ ಸಗಣಿ ಮೆತ್ತುತ್ತಿದ್ದರು. ಬಿಸಿಲಿಗೆ ಹಾಕುವುದು ಬೇರೆ ಕೆಲಸ ಅಂತ ನಾನು ಬಿಟ್ಟೇಬಿಟ್ಟಿದ್ದೆ.

ಜೂನ್ 29
ವಿಗಲ್ಸ್‌ವರ್ತ್ ಎಂಬ ಕೀಟವಿಜ್ಞಾನಿ 1940ರ ದಶಕದಲ್ಲಿ ರಕ್ತ ಹೀರುವ ರೋಡ್ನಿಯಸ್ ತಿಗಣೆಗಳ ಮೇಲೆ ಇಂಥದ್ದನ್ನೇ ಚೊಕ್ಕವಾಗಿ ಮಾಡಿದ್ದ. ಪುಡಿಯ ಮೇಲೆ ಓಡಾಡಿ ಹೊಟ್ಟೆ ಉಜ್ಜಿಕೊಂಡವು ನೀರು ಕಳೆದುಕೊಂಡವು. ಅಲುಗಾಡದವಕ್ಕೆ ಅಷ್ಟೇನೂ ಆಗಲಿಲ್ಲ. ಗೀರು ಬಿದ್ದ ಹುಳವನ್ನು ತೇವದ ಗಾಳಿಯಲ್ಲಿ ಇಟ್ಟರೆ ಅದು ಹೊಸ ಮೇಣ ಸುರಿಸಿ ರಿಪೇರಿ ಮಾಡಿಕೊಳ್ಳುತ್ತದೆ ಅನ್ನುವುದೂ ಆತ ಕಂಡದ್ದೇ. ನನ್ನ ತೇವದ ಬಾಟಲಿಯ 14 ಹುಳ ಉಳಿದದ್ದು ನೀರು ಆರದೇ ಇದ್ದುದಕ್ಕಾ, ಈ ರಿಪೇರಿಯಿಂದಲಾ?

ಜುಲೈ 6
ಅದಕ್ಕೆ ಹೊಸ ಸುತ್ತು. 40 ಹುಳ ಒಂದು ದಿನ ಬೂದಿಯಲ್ಲಿ ಹೊರಳಾಡಿದವು. ಬ್ರಶ್‌ನಿಂದ ಬೂದಿ ಜಾಡಿಸಿ, 20ನ್ನು ನೇರ ಒಣ ಡಬ್ಬಕ್ಕೆ, 20ನ್ನು ಉಪ್ಪುನೀರಿನ ಡಬ್ಬಕ್ಕೆ ಬಿಟ್ಟೆ. ಎರಡನೆಯವು ನಾಲ್ಕು ದಿನ ಅಲ್ಲಿದ್ದು ಆಮೇಲೆ ಒಣಕ್ಕೆ ಬರಬೇಕು. ಇವತ್ತು ಮೂರನೇ ದಿನ. ಒಣದಲ್ಲಿ ಆಗಲೇ 9 ಹೋಗಿವೆ, ತೇವದಲ್ಲಿ ಒಂದು. "ಹುಳ ಕೊಲ್ಲೋಕೆ ಇಷ್ಟೊಂದು ಬಾಟಲಿ ಬೇಕೇನೋ?" ಅಂತ ಅಮ್ಮ ಕೇಳಿದರು. ಉಪ್ಪಿನಕಾಯಿ ಹಾಕೋಕೆ ಬಾಟಲಿ ವಾಪಸ್ ಬೇಕಂತೆ, ಭಾನುವಾರದ ತನಕ ಟೈಮ್ ಕೊಟ್ಟಿದ್ದಾರೆ.