ರೇರ್ ಕ್ಯಾಂಡಿ ತಿನ್ನಿಸಿದರೆ ಸಾಲದೇ?

ಹಳೆಯ ಗೇಮ್ ಬಾಯ್ ಹಿಡಿದು ಕುಳಿತಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಪೊಕೆಮಾನ್ ಆಟದಲ್ಲಿ ರೇರ್ ಕ್ಯಾಂಡಿ ಎಂಬ ಮಿಠಾಯಿ ಒಂದನ್ನು ತಿನ್ನಿಸಿದರೆ, ನಾವು ಹಿಡಿದು ಸಾಕುವ ಪೊಕೆಮಾನ್ ಜೀವಿ ಒಂದು ಲೆವೆಲ್ ಏರುತ್ತದಲ್ಲ, ಮತ್ತೇಕೆ ಗಂಟೆಗಟ್ಟಲೆ ಹುಲ್ಲಿನಲ್ಲಿ ಸುತ್ತಿ ಕಾದಾಡಿಸುವುದು? ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಇದನ್ನು ಬಿಡದೆ ಕೇಳುವವನು ಅಕ್ಕನ ಮಗ.

ಲೆವೆಲ್ ಒಂದೇ ಆದರೂ ಕಸುವು ಒಂದೇ ಆಗಿರುವುದಿಲ್ಲ ಎಂಬುದೇ ನನ್ನ ಉತ್ತರ. ಜಪಾನಿನಲ್ಲಿ 1996ರಲ್ಲಿ ಆರಂಭವಾದ ಮೊದಲ ಪೀಳಿಗೆಯ ಆಟಗಳಲ್ಲಿ, ಸೋಲಿಸಿದ ಪ್ರತಿಯೊಂದು ಎದುರಾಳಿಯ ದಾಳಿ, ರಕ್ಷಣೆ, ವೇಗ ಮೊದಲಾದ ಮೂಲ ಅಂಕಗಳು ಗೆದ್ದ ಪೊಕೆಮಾನ್‌ನ ಖಾತೆಗೆ ಪರದೆಯ ಮೇಲೆ ಎಲ್ಲೂ ಕಾಣಿಸಿಕೊಳ್ಳದೆ ಜಮೆಯಾಗುತ್ತವೆ. ಒಂದೊಂದು ಗುಣಕ್ಕೂ ಈ ಜಮೆ 65,535ರವರೆಗೆ ಬೆಳೆಯಬಲ್ಲದು. ಅದರ ವರ್ಗಮೂಲದ ಕಾಲು ಭಾಗ, ಅಂದರೆ ಹೆಚ್ಚೆಂದರೆ 63 ಅಂಕ, 100ನೇ ಲೆವೆಲ್‌ನಲ್ಲಿ ಆ ಗುಣಕ್ಕೆ ಸೇರುತ್ತದೆ. ಮಿಠಾಯಿಯಿಂದ ಈ ಖಾತೆಗೆ ಚಿಕ್ಕಾಸೂ ಬೀಳುವುದಿಲ್ಲ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ನಾಲ್ಕು ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುವಿಗೆ ಕೊನೆಯ ದಿನಗಳಲ್ಲಿ ಸೊಪ್ಪು ಸಾಲದೇ ಹೋದರೂ ಅದು ಹಣ್ಣಾಗಿ ಗೂಡು ಕಟ್ಟುತ್ತದೆ, ಆದರೆ ಬೆರಳಿನಿಂದ ಒತ್ತಿ ನೋಡುವ, ಗೂಡಿನಿಂದ ನೂಲು ತೆಗೆಯುವ ರೀಲರ್‌ಗೆ ಗೂಡು ತೆಳುವೆಂದು ತಕ್ಷಣ ತಿಳಿಯುತ್ತದೆ. ಅಕ್ಕನ ಮಗನಿಗೆ ಇಷ್ಟು ಹೇಳಿದರೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದು ಬೇರೆ ಮಾತು. (ಈ ಆಟವನ್ನು ರೂಪಿಸಿದ ಸತೋಶಿ ತಜಿರಿಯವರಿಗೂ ಬಾಲ್ಯದಲ್ಲಿ ಹುಳುಗಳನ್ನು ಹಿಡಿದು ಕೂಡಿಡುವ ಹುಚ್ಚಿತ್ತು.)

ಅಕ್ಕನ ಮಗ ಆ ಆಟಗಳ ರೆಡ್ ಆವೃತ್ತಿಯಲ್ಲಿ ಮಿಸ್ಸಿಂಗ್‌ನೋ ಎಂಬ ದೋಷದ ನೆರವಿನಿಂದ ಮಿಠಾಯಿಯನ್ನು ನೂರಕ್ಕೂ ಮೇಲೆ ನಕಲು ಮಾಡಿಕೊಂಡು, ಆಟದೊಳಗಿನ ಹಣದಲ್ಲಿ 500ಕ್ಕೆ ಕೊಂಡ ಐದನೇ ಲೆವೆಲ್‌ನ ಮ್ಯಾಜಿಕಾರ್ಪ್‌ಗೆ 95 ತಿನ್ನಿಸಿದ. 15ನೇ ಲೆವೆಲ್‌ವರೆಗೆ ಸುಮ್ಮನೆ ನೆಗೆದಾಡುವುದೊಂದನ್ನೇ ಬಲ್ಲ ಆ ಮೀನಿನ ವಿಷಯದಲ್ಲಿ ನನ್ನ ತಕರಾರೂ ಇಲ್ಲ. 20ನೇ ಲೆವೆಲ್‌ಗೆ ಅದು ರೂಪ ಬದಲಿಸಿ ಗ್ಯಾರಡೋಸ್ ಎಂಬ ಬಲಿಷ್ಠ ಪೊಕೆಮಾನ್ ಆಯಿತು, ಸಂಜೆಯೊಳಗೆ 100 ಮುಟ್ಟಿತು.

ಹಾಗೆಂದು ನಷ್ಟ ಶಾಶ್ವತವೂ ಅಲ್ಲ. 100ನೇ ಲೆವೆಲ್ ತಲುಪಿದ ಮೇಲೂ ಜಮೆ ನಿಲ್ಲುವುದಿಲ್ಲ. ಆದರೆ ಜಮೆ ಅಂಕಕ್ಕೆ ಸೇರುವುದು ಸಾಮಾನ್ಯವಾಗಿ ಲೆವೆಲ್ ಏರುವಾಗ; ಏರಲು ಲೆವೆಲ್ ಉಳಿದಿರದ ಕಾರಣ, ಪೊಕೆಮಾನ್ ಅನ್ನು ಆಟದೊಳಗಿನ ಕಂಪ್ಯೂಟರಿನ ಬಾಕ್ಸಿಗೆ ಹಾಕಿ ಹೊರತೆಗೆದಾಗ ಮಾತ್ರ ಆಟ ಅಂಕಗಳನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ಗ್ಯಾರಡೋಸ್ ಒಂದರಿಂದಲೇ ಆಟದ ಕೊನೆಗೆ ಎದುರಾಗುವ ಎಲೈಟ್ ಫೋರ್ ಎಂಬ ನಾಲ್ವರು ಮತ್ತು ಚಾಂಪಿಯನ್‌ನ ಒಟ್ಟು 26 ಪೊಕೆಮಾನ್‌ಗಳನ್ನು ಸೋಲಿಸಿ ಹಾಗೆ ಮಾಡಿ ನೋಡಿದೆವು: ದಾಳಿಯ ಅಂಕ 12 ಏರಿತ್ತು. 'ಮಾಮ, ಇನ್ನೊಂದು ಸುತ್ತು' ಎಂದ ಅಕ್ಕನ ಮಗ. ಅದೇ 26 ಮಂದಿಯನ್ನು ಮತ್ತೆ ಸೋಲಿಸಿ ಬಂದಾಗ ಏರಿದ್ದು ಐದೇ. ವರ್ಗಮೂಲದ ಲೆಕ್ಕವನ್ನು ಅಂದು ರಾತ್ರಿ ನೋಟ್‌ಬುಕ್ಕಿನಲ್ಲಿ ಬಿಡಿಸಿ ತೋರಿಸಬೇಕಾಯಿತು.